ಬೆಟ್ಟಕ್ಕೆ ಕೂಸು ಕರ್ಕೊಂಡು ಹೋಗ್ತಿದ್ದೀರಾ? ಬ್ಯಾಗ್‌ನಲ್ಲಿ ಏನಿರಬೇಕು, ಏನು ಬೇಡ

ಇವತ್ತಿನ ಎಪಿಸೋಡ್ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತೆ.

ಹೋದ ವರ್ಷ ನವೆಂಬರ್. ಅಕ್ಕ, ಭಾವ, ನಾನು ಮತ್ತು ಅಕ್ಕನ 11 ತಿಂಗಳ ಮಗಳು ಮುಳ್ಳಯ್ಯನಗಿರಿಗೆ ಹೋಗಿದ್ವಿ. ಮೇಲಿನ ಮೆಟ್ಟಿಲು ಹತ್ತುವಾಗ "ಕೂಸನ್ನ ನಾನು ಹೊತ್ಕೋತೀನಿ" ಅಂತ ನಾನೇ ಮುಂದೆ ಬಂದೆ. ಸೋದರಮಾವ ಅಲ್ವಾ, ಸ್ವಲ್ಪ ಜಂಬ. ಸ್ನೇಹಿತನ ಹತ್ರ ಇಸ್ಕೊಂಡಿದ್ದ ಫ್ರೇಮ್ ಕ್ಯಾರಿಯರ್‌ನಲ್ಲಿ ಅವಳನ್ನ ಕೂರಿಸಿ ಬೆನ್ನಿಗೆ ಹಾಕ್ಕೊಂಡೆ. ಹತ್ತು ನಿಮಿಷಕ್ಕೆ ನನಗೆ ಬೆವರು ಕಿತ್ತು ಬಂತು. ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡೆ. ಮಂಜು ಇತ್ತು, ಜೊತೆಗೆ ತುಂತುರು, ಗಾಳಿ. ನನಗೆ ಅದು ಎಸಿ ಹಾಕಿದಂಗೆ ಹಿತವಾಗಿತ್ತು.

ಬೆನ್ನ ಹಿಂದೆ ಸದ್ದೇ ಇಲ್ಲ. "ಎಷ್ಟು ಒಳ್ಳೆ ಮಗು, ಒಂಚೂರೂ ಹಟ ಇಲ್ಲ" ಅಂತ ಪಕ್ಕದಲ್ಲಿ ಹತ್ತುತ್ತಿದ್ದವರೊಬ್ಬರು ಹೇಳಿದ್ರು. ನನಗೆ ಹೆಮ್ಮೆ ಬೇರೆ.

ಕೆಳಗೆ ಇಳಿದು ಬಂದಾಗ ಜೋಳ ಸುಡ್ತಿದ್ದ ಒಬ್ಬರು ಹೆಂಗಸು ನಮ್ಮನ್ನ ನೋಡಿ, "ಕೂಸಿನ ಮೈ ಮುಟ್ಟಿ ನೋಡಿದ್ರಾ?" ಅಂದ್ರು. ಅವರೇ ಎದ್ದು ಬಂದು ಅವಳ ಫ್ರಾಕ್ ಒಳಗೆ, ಕತ್ತಿನ ಹಿಂದೆ ಕೈ ಇಟ್ರು. "ತಣ್ಣಗಾಗಿದೆಯಲ್ಲಪ್ಪ, ಬೇಗ ಒಳಗೆ ಕರ್ಕೊಂಡು ಹೋಗಿ" ಅಂದ್ರು. ಒಂದು ಸಾಕ್ಸ್ ಎಲ್ಲೋ ಬಿದ್ದುಹೋಗಿತ್ತು. ಕಾಟನ್ ಪ್ಯಾಂಟ್ ಪೂರ್ತಿ ಒದ್ದೆ. ತುಟಿ ಬಣ್ಣ ಬೇರೆ ಥರ ಇತ್ತು. ಅವಳು ನಿದ್ದೆ ಮಾಡ್ತಿರಲಿಲ್ಲ, ಸುಮ್ನೆ ಕಣ್ಣು ಬಿಟ್ಕೊಂಡು ಕೂತಿದ್ಲು.

ಅಕ್ಕ ಕಾರೊಳಗೆ ಕೂತು ಒದ್ದೆ ಬಟ್ಟೆ ಎಲ್ಲಾ ತೆಗೆದು, ಮಗುವನ್ನ ಮೈಗೆ ಮೈ ತಾಗೋ ಹಾಗೆ ಎದೆಗೆ ಅವಚಿಕೊಂಡು ಮೇಲೆ ಶಾಲು ಹೊದ್ದಳು. ಸುಮಾರು ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮಗು ಜೋರಾಗಿ ಅತ್ತಿತು. ಅಳು ಕೇಳಿ ನಮ್ಮ ಕಣ್ಣಲ್ಲಿ ನೀರು ಬಂದು, ಹಿಂದೇನೇ ನಗು ಬಂತು. ಅವತ್ತೇ ಚಿಕ್ಕಮಗಳೂರಲ್ಲಿ ಮಕ್ಕಳ ಡಾಕ್ಟರ್ ಹತ್ರ ತೋರಿಸಿದ್ವಿ, ಏನೂ ತೊಂದರೆ ಆಗಿರಲಿಲ್ಲ. ಆದ್ರೆ ಒಂದು ಪಾಠ ಉಳೀತು: ಮಗು ಸುಮ್ಮನಿದೆ ಅಂದ್ರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ನೀವು ನಡೀತೀರಿ, ಅದು ಕೂತಿರುತ್ತೆ

ನಾನು ಓದಿದ್ದು ಬಿ.ಕಾಂ. ಡಾಕ್ಟರೂ ಅಲ್ಲ, ಟ್ರೆಕ್ಕಿಂಗ್ ಗೈಡೂ ಅಲ್ಲ. ಆದ್ರೆ ಲೆಕ್ಕ ಬರುತ್ತೆ. ಆ ದಿನದ ಲೆಕ್ಕ ಹೀಗಿದೆ. ಮೇಲೆ ಹೋದಂತೆ ಗಾಳಿಯ ಉಷ್ಣಾಂಶ ಪ್ರತಿ 1,000 ಮೀಟರ್‌ಗೆ ಸರಾಸರಿ 6.5 ಡಿಗ್ರಿ ಕಡಿಮೆ ಆಗುತ್ತೆ. ಚಿಕ್ಕಮಗಳೂರು ಪಟ್ಟಣ ಇರೋದೇ 1,000 ಮೀಟರ್‌ಗಿಂತ ಸ್ವಲ್ಪ ಮೇಲೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದ್ರೆ ಹೋಟೆಲ್ ಬಾಗಿಲಲ್ಲಿ ಹಿತವಾಗಿದ್ದ ಹವೆ ತುದಿಯಲ್ಲಿ 5 ಡಿಗ್ರಿಗಿಂತ ಹೆಚ್ಚು ತಣ್ಣಗಿರುತ್ತೆ. ಅದರ ಮೇಲೆ ಗಾಳಿ, ಅದರ ಮೇಲೆ ಒದ್ದೆ ಬಟ್ಟೆ.

ಈ ಚಳಿ ನನಗೆ ಯಾಕೆ ಗೊತ್ತಾಗಲಿಲ್ಲ? ಮೆಟ್ಟಿಲು ಹತ್ತುವಾಗ ನನ್ನ ಸ್ನಾಯುಗಳೇ ಹೀಟರ್ ಥರ ಕೆಲಸ ಮಾಡ್ತಿದ್ವು. ಮಗು ಒಂದು ಹೆಜ್ಜೆಯೂ ನಡೀದೆ ಗಾಳಿಗೆ ಎದುರಾಗಿ, ಕಾಲು ಇಳಿಬಿಟ್ಟು ಕೂತಿತ್ತು. ಜೊತೆಗೆ ಮಕ್ಕಳ ತೂಕಕ್ಕೆ ಹೋಲಿಸಿದ್ರೆ ಚರ್ಮದ ವಿಸ್ತಾರ ಜಾಸ್ತಿ. ಹಾಗಾಗಿ ಅವು ದೊಡ್ಡವರಿಗಿಂತ ಬೇಗ ಶಾಖ ಕಳ್ಕೊಳ್ತವೆ, ಬಿಸಿಲಲ್ಲಿ ಬೇಗ ಕಾಯ್ತವೆ ಕೂಡ. ಚಳಿ ಅಂತ ಹೇಳೋಕೆ ಬಾಯಿ ಬರಲ್ಲ. ತುಂಬಾ ತಣ್ಣಗಾದ ಮಗು ಅಳೋದನ್ನೂ ನಿಲ್ಲಿಸಿ ಮಂಕಾಗಬಹುದು.

ಆದ್ದರಿಂದ ಮಕ್ಕಳ ಗೇರ್ ಅಂದ್ರೆ ಇಷ್ಟೇ: ಮಗು ಬಾಯಿಬಿಟ್ಟು ಹೇಳಲಾಗದ್ದನ್ನ ನಾವು ಮೊದಲೇ ಊಹಿಸಿ ಬ್ಯಾಗಿಗೆ ಹಾಕೋದು. ಒಂದೊಂದಾಗಿ ನೋಡೋಣ.

ಮೊದಲ ಐಟಂ: ನಿಮ್ಮ ಶೂ

ನಗಬೇಡಿ. ಮಗುವನ್ನ ಹೊತ್ತವರು ಜಾರಿದ್ರೆ ಬೀಳೋದು ಇಬ್ಬರೂ. ಚಪ್ಪಲಿಯಲ್ಲಿ, ತಳ ಸವೆದ ಸ್ನೀಕರ್‌ನಲ್ಲಿ ಹಾವಸೆ ಕಟ್ಟಿದ ಮೆಟ್ಟಿಲು ಹತ್ತೋದು ಬೇಡ. ಹಿಡಿತ ಇರೋ ಶೂ, ಕೈಯಲ್ಲೊಂದು ಕೋಲು. ಟ್ರೆಕ್ಕಿಂಗ್ ಪೋಲೇ ಆಗಬೇಕು ಅಂತಿಲ್ಲ, ಗಟ್ಟಿ ಬಿದಿರಿನ ಕೋಲೂ ಆಗುತ್ತೆ. ಮಗು ಬೆನ್ನ ಮೇಲಿದ್ದಾಗ ಮೊಬೈಲ್ ಜೇಬಲ್ಲಿರಲಿ. ರೀಲ್ಸ್ ಮಾಡೋಕೆ ಬೇರೆಯವರಿದ್ದಾರೆ.

ಹೊರೋದು ಹೇಗೆ

ಸ್ಟ್ರೋಲರ್ ಪಾರ್ಕ್‌ಗೆ ಸರಿ, ಬೆಟ್ಟಕ್ಕಲ್ಲ. ಇರೋ ಆಯ್ಕೆ ಎರಡು. ಒಂದು, ಎದೆಗೆ ಅಥವಾ ಬೆನ್ನಿಗೆ ಅಂಟಿಕೊಂಡಿರೋ ಬಟ್ಟೆಯ ಕ್ಯಾರಿಯರ್. ಇನ್ನೊಂದು, ಅಲ್ಯೂಮಿನಿಯಂ ಚೌಕಟ್ಟಿನ ಫ್ರೇಮ್ ಕ್ಯಾರಿಯರ್. ಫ್ರೇಮ್‌ನಲ್ಲಿ ಕೂರಿಸೋಕೆ ಮಗು ಆಸರೆ ಇಲ್ಲದೆ ತಾನೇ ಗಟ್ಟಿಯಾಗಿ ಕೂರುವಷ್ಟು ಬೆಳೆದಿರಬೇಕು. ಜೊತೆಗೆ ಕಂಪನಿ ಲೇಬಲ್ ಮೇಲೆ ಬರೆದಿರೋ ತೂಕದ ಮಿತಿ ನೋಡಿ. ಕುತ್ತಿಗೆ ನಿಲ್ಲದ ಎಳೆ ಕೂಸನ್ನ ಅದರಲ್ಲಿ ಹಾಕಲೇಬಾರದು.

ಬಟ್ಟೆಯ ಕ್ಯಾರಿಯರ್‌ಗೆ ಹೊರದೇಶಗಳಲ್ಲಿ ಕಲಿಸೋ ಐದು ಪಾಯಿಂಟ್‌ಗಳಿವೆ. ಅದಕ್ಕೆ 'ಟಿಕ್ಸ್' ಅಂತ ಹೆಸರು. ಬಿಗಿಯಾಗಿರಬೇಕು. ಮುಖ ಯಾವಾಗಲೂ ನಿಮಗೆ ಕಾಣಬೇಕು. ತಲೆ ಬಗ್ಗಿಸಿದ್ರೆ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು. ಗಲ್ಲ ಎದೆಗೆ ಒತ್ತಿರಬಾರದು, ಒತ್ತಿದ್ರೆ ಎಳೆ ಕೂಸಿಗೆ ಉಸಿರಾಟ ಕಷ್ಟ ಆಗಬಹುದು. ಬೆನ್ನಿಗೆ ಆಸರೆ ಇರಬೇಕು. ಇದರ ಜೊತೆ ಕಾಲಿನ ಭಂಗಿ: ಮಂಡಿಗಳು ಸೊಂಟಕ್ಕಿಂತ ಸ್ವಲ್ಪ ಮೇಲೆ, ತೊಡೆಗೆ ಪೂರ್ತಿ ಆಸರೆ, ಇಂಗ್ಲಿಷ್ 'ಎಂ' ಅಕ್ಷರದ ಹಾಗೆ. ಸೊಂಟದ ಕೀಲಿಗೆ ಅದೇ ಒಳ್ಳೇದು. ನಮ್ಮಲ್ಲಿ ಹೆಂಗಸರು ಮಗುವನ್ನ ಸೊಂಟದ ಮೇಲೆ ಕೂರಿಸಿಕೊಂಡಾಗ ಕಾಲು ಅಗಲವಾಗಿ ಇರುತ್ತಲ್ಲ, ಹೆಚ್ಚು ಕಡಿಮೆ ಅದೇ ಭಂಗಿ.

ಚಳಿ ಜಾಗಕ್ಕೆ ನನ್ನ ಓಟು ಬಟ್ಟೆಯ ಕ್ಯಾರಿಯರ್‌ಗೇ. ನಿಮ್ಮ ಮೈಯ ಬಿಸಿ ಮಗುವಿಗೂ ಸಿಗುತ್ತೆ. ಆದ್ರೆ ಬಿಸಿಲ ಜಾಗದಲ್ಲಿ ಇದೇ ಉಲ್ಟಾ ಹೊಡೆಯುತ್ತೆ. ಅಲ್ಲಿ ಆಗಾಗ ನೆರಳಲ್ಲಿ ನಿಂತು, ಮಗುವನ್ನ ಹೊರಗೆ ತೆಗೆದು ಗಾಳಿ ಆಡಿಸಿ.

ಬಟ್ಟೆ: ಒಂದು ಪದರ ಜಾಸ್ತಿ

ನೆನಪಿಡೋಕೆ ಸುಲಭ: ಆ ಹವೆಯಲ್ಲಿ ಸುಮ್ನೆ ಕೂತಿದ್ರೆ ನೀವು ಎಷ್ಟು ಪದರ ಹಾಕ್ಕೊಳ್ತೀರೋ, ಮಗುವಿಗೆ ಅದಕ್ಕಿಂತ ಒಂದು ಜಾಸ್ತಿ. 'ಕೂತಿದ್ರೆ' ಅನ್ನೋದನ್ನ ಮರೀಬೇಡಿ, ನಾನು ಎಡವಿದ್ದು ಅಲ್ಲೇ.

ಕಾಟನ್ ಬೇಸಿಗೆಗೆ ಬಂಗಾರ. ಆದ್ರೆ ಒದ್ದೆ ಆದ್ರೆ ನೀರು ಹಿಡ್ಕೊಂಡು ಮೈ ತಣ್ಣಗೆ ಮಾಡುತ್ತೆ. ಮಂಜಿನ ಬೆಟ್ಟಕ್ಕೆ ಒಳಗೆ ಮೆತ್ತಗಿನ ಬಟ್ಟೆ, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಗಾಳಿ-ಮಳೆ ತಡೆಯೋ ತೆಳು ಜಾಕೆಟ್. ತಲೆಗೆ ಕುಲಾವಿ. ಕಾಲಿಗೆ ಸಾಕ್ಸ್ ಮೇಲೆ ಉಣ್ಣೆಯ ಬೂಟಿ, ಬೀಳದ ಹಾಗೆ ದಾರ ಕಟ್ಟಿರೋದು. ಅಜ್ಜಿ ಹೆಣೆದುಕೊಟ್ಟಿದ್ದು ಅಟ್ಟದ ಮೇಲಿದ್ರೆ ಇಳಿಸಿ.

ಪ್ರತಿ 15-20 ನಿಮಿಷಕ್ಕೆ ಒಮ್ಮೆ ನಿಂತು ಮುಟ್ಟಿ ನೋಡಿ. ಕೈ-ಕಾಲು ಸ್ವಲ್ಪ ತಣ್ಣಗಿರೋದು ಮಕ್ಕಳಲ್ಲಿ ಮಾಮೂಲು. ನೋಡಬೇಕಾದ್ದು ಎದೆ ಮತ್ತು ಕತ್ತಿನ ಹಿಂಭಾಗ. ಅಲ್ಲಿ ತಣ್ಣಗಿದ್ರೆ ಟ್ರಿಪ್ ಅಲ್ಲಿಗೇ ಮುಗೀತು. ಒದ್ದೆ ಬಟ್ಟೆ ತೆಗೀರಿ, ಒಣ ಬಟ್ಟೆ, ಮೈಗೆ ಮೈ, ಮೇಲೊಂದು ಹೊದಿಕೆ. ಮಂಕಾಗಿದ್ರೆ, ಹಾಲು ಕುಡೀದಿದ್ರೆ ತಡ ಮಾಡದೆ ಆಸ್ಪತ್ರೆಗೆ. ಅಲ್ಲಿ ಬೆವರಿದ್ರೆ ಒಂದು ಪದರ ಕಡಿಮೆ ಮಾಡಿ.

ಒಂದು ಪೂರ್ತಿ ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಇಟ್ಟಿರಬೇಕು, ನಿಮ್ಮ ಜೊತೆಗಿರೋ ಬ್ಯಾಗ್‌ನಲ್ಲಿ. ನಮ್ಮದು ಕೆಳಗೆ ಕಾರಿನಲ್ಲಿತ್ತು. ಅಲ್ಲಿದ್ದು ಏನು ಪ್ರಯೋಜನ?

ಬಿಸಿಲು

6 ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆ ಸಾಕು ಅಂತಾರೆ ಮಕ್ಕಳ ತಜ್ಞರು. ಅಗಲ ಅಂಚಿನ ಟೋಪಿ, ತೆಳುವಾದ ತುಂಬು ತೋಳಿನ ಅಂಗಿ, ಒಂದು ಛತ್ರಿ. 6 ತಿಂಗಳ ನಂತರ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರೋದು, ಪ್ರತಿ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕ್ಯಾರಿಯರ್ ಅಥವಾ ಸ್ಟ್ರೋಲರ್ ಮೇಲೆ ಬಟ್ಟೆ ಮುಚ್ಚಿ ನೆರಳು ಮಾಡ್ತೀವಲ್ಲ, ಅದು ಅಪಾಯ. ಒಳಗೆ ಗಾಳಿ ಆಡದೆ ಬಿಸಿ ಏರುತ್ತೆ, ಮಗುವಿನ ಮುಖಾನೂ ಕಾಣಲ್ಲ.

ನಿಲ್ಲಿಸಿದ ಕಾರಿನಲ್ಲಿ ಮಗುವನ್ನ ಒಂಟಿಯಾಗಿ ಬಿಡೋದು ಎರಡು ನಿಮಿಷಕ್ಕೂ ಬೇಡ. ಕಿಟಕಿ ಸ್ವಲ್ಪ ಇಳಿಸಿದ್ರೂ ಒಳಗಿನ ಬಿಸಿ ಏರೋದು ನಿಲ್ಲಲ್ಲ.

ಹೊಟ್ಟೆ ಮತ್ತು ನೀರು

6 ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಸಿಲಿದೆ ಅಂತ ನೀರು ಕುಡಿಸೋದಲ್ಲ, ಹಾಲು ಕೊಡೋ ಸಲ ಜಾಸ್ತಿ ಮಾಡೋದು. ಅಂದ್ರೆ ನೀರಿನ ಬಾಟಲಿ ಬೇಕಿರೋದು ಅಮ್ಮನಿಗೆ. ಕೂತು ಹಾಲು ಕುಡಿಸೋಕೆ ಒಂದು ಹಳೇ ಕಾಟನ್ ಸೀರೆ ಇಟ್ಕೊಳ್ಳಿ. ಹಾಸೋಕೆ, ಹೊದಿಸೋಕೆ, ಮರೆ ಮಾಡೋಕೆ, ಮರಕ್ಕೆ ಕಟ್ಟಿ ನೆರಳು ಮಾಡೋಕೆ, ಎಲ್ಲಕ್ಕೂ ಬರುತ್ತೆ. ಇಡೀ ಬ್ಯಾಗ್‌ನಲ್ಲಿ ಅತಿ ಹೆಚ್ಚು ರಿಟರ್ನ್ ಕೊಡೋ ಹೂಡಿಕೆ ಇದೇ.

ಡಬ್ಬಿ ಹಾಲಾದ್ರೆ ಮನೇಲೇ ಕಲಸಿ ತಗೊಂಡು ಹೋಗಬೇಡಿ. ಕಲಸಿದ ಹಾಲನ್ನ 2 ಗಂಟೆಯೊಳಗೆ ಮುಗಿಸಬೇಕು. ಫ್ಲಾಸ್ಕ್‌ನಲ್ಲಿ ಕುದಿಸಿದ ಬಿಸಿ ನೀರು, ಅಳತೆ ಮಾಡಿದ ಪುಡಿ ಬೇರೆ. ಬೇಕಾದಾಗ ಕಲಸಿ, ಉಗುರು ಬೆಚ್ಚಗೆ ಆರಿಸಿ ಕೊಡಿ. ಹಿಂಡಿ ಇಟ್ಟ ಎದೆಹಾಲು 25 ಡಿಗ್ರಿವರೆಗಿನ ಹವೆಯಲ್ಲಿ 4 ಗಂಟೆ ಇರುತ್ತೆ. ಅದಕ್ಕಿಂತ ಸೆಖೆ ಇದ್ರೆ ಐಸ್ ಪ್ಯಾಕ್ ಬೇಕು.

ದೊಡ್ಡ ಮಕ್ಕಳಿಗೆ ರಾಗಿ ಸರಿ, ಬಾಳೆಹಣ್ಣು, ಇಡ್ಲಿ, ಮೆತ್ತಗಿನ ಚಪಾತಿ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ನಡೀತಾ ತಿನ್ನೋಕೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡ್ರೆ ಬೆಟ್ಟದ ಮೇಲೆ ಸಹಾಯ ದೂರ. 1 ವರ್ಷದೊಳಗೆ ಜೇನುತುಪ್ಪ ಬೇಡವೇ ಬೇಡ, ಎಸ್ಟೇಟ್‌ನಲ್ಲಿ ಸಿಗೋ ಕಾಡು ಜೇನಾದರೂ ಅಷ್ಟೇ.

ಇನ್ನು ಓಆರ್‌ಎಸ್. ಪುಡಿ ಪ್ಯಾಕೆಟ್ ದೊಡ್ಡದೂ ಬರುತ್ತೆ, ಚಿಕ್ಕದೂ ಬರುತ್ತೆ. ದೊಡ್ಡದು 1 ಲೀಟರ್ ನೀರಿಗೆ, ಚಿಕ್ಕದು 200 ಎಂಎಲ್‌ಗೆ. ದೊಡ್ಡ ಪ್ಯಾಕೆಟ್ ಒಡೆದು ಒಂದು ಲೋಟ ನೀರಿಗೆ ಹಾಕಿದ್ರೆ ಉಪ್ಪಿನ ಪ್ರಮಾಣ ಅಪಾಯ ಆಗುವಷ್ಟು ಏರುತ್ತೆ. ಪ್ಯಾಕೆಟ್ ಮೇಲಿನ ಅಳತೆ ಓದಿ, ಕಲಸಿದ್ದನ್ನ 24 ಗಂಟೆ ನಂತರ ಚೆಲ್ಲಿ. ಅಂಗಡಿಯಲ್ಲಿ ಸಿಗೋ ಸಿಹಿ ಟೆಟ್ರಾ ಪ್ಯಾಕ್ ಪಾನೀಯ ಓಆರ್‌ಎಸ್ ಅಲ್ಲ. ಸರಿಯಾದ ಸೂತ್ರ ಇಲ್ಲದ ಪಾನೀಯಗಳು ಆ ಹೆಸರು ಬಳಸಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಹೊರಡಿಸಿತು.

ಇಂಬಳ, ಉಣುಗು, ಸೊಳ್ಳೆ

ಮಳೆಗಾಲದ ಮಲೆನಾಡಲ್ಲಿ ಇಂಬಳ ಗ್ಯಾರಂಟಿ. ನೋಡೋಕೆ ಭಯ, ಆದ್ರೆ ಸಾಮಾನ್ಯವಾಗಿ ದೊಡ್ಡ ಅಪಾಯ ಇಲ್ಲ. ಉಗುರಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಿಡಿಸಿ, ತೊಳೆದು, ಒತ್ತಿ ಹಿಡೀರಿ. ಪ್ಯಾಂಟ್ ತುದಿಯನ್ನ ಸಾಕ್ಸ್ ಒಳಗೆ ಸೇರಿಸಿದ್ರೆ ಅರ್ಧ ಸಮಸ್ಯೆ ಹೋಯ್ತು.

ನಿಜವಾಗಿ ಹೆದರಬೇಕಾದ್ದು ಉಣುಗಿಗೆ. ಮಂಗನ ಕಾಯಿಲೆಯನ್ನ ಮೊದಲು ಗುರುತಿಸಿದ್ದೇ ನಮ್ಮಲ್ಲಿ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗು ಕಚ್ಚಿದಾಗ ಹರಡೋ ಈ ಕಾಯಿಲೆ ಚಳಿಗಾಲದಿಂದ ಬೇಸಿಗೆವರೆಗೆ, ಅಂದ್ರೆ ಸರಿಯಾಗಿ ನಾವು ಟ್ರಿಪ್ ಹೋಗೋ ತಿಂಗಳುಗಳಲ್ಲೇ ಜಾಸ್ತಿ. ಪ್ರಕರಣ ವರದಿಯಾದ ಊರಿನ ಸುತ್ತ, ಮಂಗ ಸತ್ತ ಜಾಗದ ಹತ್ತಿರ, ಮಕ್ಕಳನ್ನ ಕರ್ಕೊಂಡು ಕಾಡಿಗೆ ಹೋಗಲೇಬೇಡಿ. ಹೋಗೋ ಮುಂಚೆ ಹೋಂ ಸ್ಟೇಯವರಿಗೋ ಅಲ್ಲಿನ ಆಶಾ ಕಾರ್ಯಕರ್ತೆಗೋ ಒಂದು ಮಾತು ಕೇಳಿ. ಆ ಭಾಗದಲ್ಲಿ ಆರೋಗ್ಯ ಇಲಾಖೆ ದೊಡ್ಡವರಿಗೆ ಹಚ್ಚಿಕೊಳ್ಳೋಕೆ ಡೆಪಾ ತೈಲ ಕೊಡುತ್ತೆ. ಮಕ್ಕಳಿಗೆ ಹಚ್ಚೋ ಮುಂಚೆ ಡಾಕ್ಟರ್ ಹತ್ರ ಕೇಳಿ.

ವಾಪಸ್ ಬಂದ ತಕ್ಷಣ ಮಗುವಿನ ಮೈ ಪೂರ್ತಿ ನೋಡಿ: ಕಿವಿ ಹಿಂದೆ, ಕಂಕುಳು, ತೊಡೆ ಸಂದಿ, ಮಂಡಿ ಹಿಂದೆ, ಕೂದಲೊಳಗೆ. ಉಣುಗು ಕಚ್ಚಿಕೊಂಡಿದ್ರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೀರಿ. ಬೆಂಕಿ, ಎಣ್ಣೆ ಪ್ರಯೋಗ ಬೇಡ. ಮುಂದಿನ ದಿನಗಳಲ್ಲಿ ಜ್ವರ ಬಂದ್ರೆ ಕಾಡಿಗೆ ಹೋಗಿದ್ದನ್ನ ಡಾಕ್ಟರಿಗೆ ಹೇಳಿ. ಚಿಮುಟ ಸಣ್ಣ ವಸ್ತು, ಪಟ್ಟಿಯಲ್ಲಿ ಬರ್ಕೊಳ್ಳಿ.

ಸೊಳ್ಳೆಗೆ ಎಳೆ ಕೂಸುಗಳಿಗೆ ಪರದೆ ಮತ್ತು ತುಂಬು ತೋಳಿನ ಬಟ್ಟೆ. ಡೀಟ್ ಇರೋ ಕ್ರೀಮ್ 2 ತಿಂಗಳೊಳಗೆ ಬೇಡ. ಲೆಮನ್ ಯೂಕಲಿಪ್ಟಸ್ ಎಣ್ಣೆಯದ್ದು 'ನ್ಯಾಚುರಲ್' ಅಂತ ಬರೆದಿದ್ರೂ 3 ವರ್ಷದೊಳಗೆ ಬೇಡ. ಯಾವುದನ್ನೇ ಹಚ್ಚಿದ್ರೂ ಮಗುವಿನ ಅಂಗೈಗೆ ಬೇಡ, ಅದು ನೇರ ಬಾಯಿಗೆ ಹೋಗುತ್ತೆ.

ಓಡಾಡೋ ಪುಟಾಣಿಗಳಿಗೆ

3-4 ವರ್ಷದ ಮಕ್ಕಳ ಅಪಾಯ ಬೇರೆ: ಕಳೆದುಹೋಗೋದು, ನೀರಿಗೆ ಇಳಿಯೋದು. ಗಾಢ ಹಳದಿ ಅಥವಾ ಕೇಸರಿ ಬಣ್ಣದ ಅಂಗಿ ಹಾಕಿ, ಮಂಜಲ್ಲೂ ಕಾಣುತ್ತೆ. ಅಂಗಿಗೆ ಸಿಕ್ಕಿಸಿದ ಒಂದು ಸೀಟಿ. "ಅಮ್ಮ ಕಾಣಿಸ್ತಿಲ್ಲ ಅಂದ್ರೆ ಅಲ್ಲೇ ನಿಂತು ಸೀಟಿ ಊದು, ಓಡಬೇಡ" ಅಂತ ಮನೆಯಲ್ಲೇ ಆಟದ ಥರ ಕಲಿಸಿ. ತೋಳಿನ ಮೇಲೆ ಪೆನ್ನಿನಿಂದ ನಿಮ್ಮ ಫೋನ್ ನಂಬರ್. ತೆಪ್ಪ, ದೋಣಿ ಹತ್ತೋದಾದ್ರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಇದ್ರೆ ಮಾತ್ರ. ದೊಡ್ಡವರದ್ದು ಹಾಕಿದ್ರೆ ನೀರಿಗೆ ಬಿದ್ದಾಗ ಮಗು ಅದರಿಂದ ಜಾರಿಹೋಗುತ್ತೆ.

ದಾರಿಯೇ ದೊಡ್ಡ ಸಾಹಸ

ನಮ್ಮಲ್ಲಿ ಎಷ್ಟೋ ಜನ ಹೋಗೋದು ಬೈಕಲ್ಲಿ, ಮಗು ನಡುವೆ. ಕೇಂದ್ರ ಸರ್ಕಾರದ 2022ರ ಫೆಬ್ರವರಿಯ ಅಧಿಸೂಚನೆ ಪ್ರಕಾರ 4 ವರ್ಷದೊಳಗಿನ ಮಗುವನ್ನ ಸವಾರರಿಗೆ ಜೋಡಿಸೋ ಬೆಲ್ಟ್ ಬೇಕು, 9 ತಿಂಗಳಿಂದ 4 ವರ್ಷದವರಿಗೆ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ಘಾಟಿ ರಸ್ತೆಗೆ ಇಷ್ಟು ಎಳೇ ಮಗುವನ್ನ ಬೈಕಲ್ಲಿ ಕರ್ಕೊಂಡು ಹೋಗದೇ ಇರೋದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಕಾರಲ್ಲಿ ಮಗುವಿನ ಸೀಟು ಹಿಂದೆ ಇರಲಿ. "ಮಡಿಲಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ" ಅನ್ನೋದು ಜೋರು ಬ್ರೇಕ್ ಮುಂದೆ ನಿಲ್ಲೋ ಮಾತಲ್ಲ.

ಖರ್ಚಿನ ಲೆಕ್ಕ

ಹೊರದೇಶದ ಕಂಪನಿಗಳ ಫ್ರೇಮ್ ಕ್ಯಾರಿಯರ್ ಬೆಲೆ ಹತ್ತು ಸಾವಿರ ರೂಪಾಯಿ ಸುಲಭವಾಗಿ ದಾಟುತ್ತೆ. ಉಪಯೋಗಕ್ಕೆ ಬರೋದು ಹೆಚ್ಚೆಂದ್ರೆ ಎರಡು-ಮೂರು ವರ್ಷ. ವರ್ಷಕ್ಕೆ ನಾಲ್ಕು ಟ್ರಿಪ್ ಹೋದ್ರೂ ಪ್ರತಿ ಟ್ರಿಪ್‌ಗೆ ಸಾವಿರದ ಲೆಕ್ಕ. ಹಾಗಾಗಿ ಬಾಡಿಗೆ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಆದ್ರೆ ಬಕಲ್, ಹೊಲಿಗೆ, ಪಟ್ಟಿ ಒಂದೊಂದನ್ನೂ ಎಳೆದು ಪರೀಕ್ಷೆ ಮಾಡಿ. ಕಾರ್ ಸೀಟ್ ಮಾತ್ರ ಗುರುತಿಲ್ಲದವರಿಂದ ಹಳೇದು ಬೇಡ, ಅಪಘಾತ ಕಂಡಿದೆಯೋ ಇಲ್ವೋ ಗೊತ್ತಾಗಲ್ಲ.

ಬೇಡದ್ದು ಏನು? ಬ್ಯಾಟರಿ ಫ್ಯಾನ್, ಬಾಟಲಿ ಸ್ಟೆರಿಲೈಸರ್, ಐದಾರು ಆಟಿಕೆ. ಮಗುವಿಗೆ ಒಂದು ಎಲೆ, ಎರಡು ಕಲ್ಲು ಸಾಕು, ಬಾಯಿಗೆ ಹಾಕದಂತೆ ನೋಡ್ಕೊಳ್ಳಿ. ಉಳಿಸಿದ ಜಾಗದಲ್ಲಿ ಡೈಪರ್, ಮತ್ತು ಬಳಸಿದ ಡೈಪರ್ ವಾಪಸ್ ತರೋಕೆ ಗಟ್ಟಿ ಜಿಪ್ ಕವರ್. ಅದನ್ನ ಬೆಟ್ಟದ ಮೇಲೆ ಎಸೆದು ಬರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಕೊನೇ ಐಟಂ

ಕೊನೇದು ಅಂಗಡಿಯಲ್ಲಿ ಸಿಗಲ್ಲ. ಅದು ವಾಪಸ್ ಬರೋ ಟೈಮ್. ಹೊರಡೋ ಮುಂಚೆಯೇ ನಿರ್ಧಾರ ಮಾಡಿ: ಇಷ್ಟು ಗಂಟೆಗೆ ಎಲ್ಲಿದ್ರೂ ತಿರುಗೋದು. ತುದಿ ಕಂಡ್ರೂ ಸರಿ, ಕಾಣದಿದ್ರೂ ಸರಿ.

ಫೆಬ್ರವರಿಯಲ್ಲಿ ನಾವು ಮತ್ತೆ ಹೋದ್ವಿ, ಈ ಸಲ ತುಮಕೂರಿನ ದೇವರಾಯನದುರ್ಗಕ್ಕೆ. ಅಕ್ಕ ಮೊದಲು ಒಪ್ಪಲಿಲ್ಲ. ನಾನು ಬ್ಯಾಗ್ ತೆರೆದು ಒಂದೊಂದೇ ಹಾಸಿಗೆ ಮೇಲೆ ಜೋಡಿಸಿ ತೋರಿಸಿದೆ, ಆಡಿಟ್ ಥರ. ಒಣ ಬಟ್ಟೆ ಎಲ್ಲಿದೆ ಅಂತ ಎರಡು ಸಲ ಕೇಳಿದ್ಲು. ಈ ಸಲ ಮಗು ನನ್ನ ಎದೆ ಮೇಲೆ, ಬಟ್ಟೆಯ ಕ್ಯಾರಿಯರ್‌ನಲ್ಲಿ. ಅರ್ಧ ದಾರಿಯಲ್ಲಿ ಬಿಸಿಲು ಏರಿತು, ಅವಳು ರಗಳೆ ಶುರು ಮಾಡಿದ್ಲು. ಗಂಟೆ ಹತ್ತೂ ಆಗಿರಲಿಲ್ಲ. ನಾವು ತಿರುಗಿ ಇಳಿದು ನಾಮದ ಚಿಲುಮೆಗೆ ಬಂದ್ವಿ. ನೆರಳಲ್ಲಿ ಹಳೇ ಸೀರೆ ಹಾಸಿ ಕೂತ್ವಿ. ಅವಳು ಜಿಂಕೆ ನೋಡಿ ಕೈ ತೋರಿಸಿ ಕಿರುಚಿದ್ಲು, ಆಮೇಲೆ ಮತ್ತೆ ರಗಳೆ, ಆಮೇಲೆ ನಿದ್ದೆ.

ತುದಿ ನೋಡಲಿಲ್ಲ. ಆದ್ರೆ ಅವಳು ಇಡೀ ದಿನ ಗಲಾಟೆ ಮಾಡ್ತಾನೇ ಇದ್ಲು. ನನಗೆ ಅಷ್ಟೇ ಬೇಕಿತ್ತು.

ನಿಮ್ಮ ಮನೇಲಿ ಕೂಸಿದ್ದು ಈ ವಾರ ಎಲ್ಲಾದ್ರೂ ಹೊರಟಿದ್ರೆ, ಈ ಎಪಿಸೋಡನ್ನ ಮಗುವನ್ನ ಹೊರೋರಿಗೆ ಕಳಿಸಿ. ದಾರಿಯಲ್ಲಿ ಒಂದು ಸಲ ನಿಂತು ಕತ್ತಿನ ಹಿಂದೆ ಕೈ ಇಟ್ಟು ನೋಡಲಿ.